ಗುಡಿ ದಾಟಿದ ಮೇಲಿನ ವೇಗ

ಸೌಮ್ಯಶ್ರೀಯ ಕಾರಿಗೆ ಚಕ್ರಗಳೇ ಇರಲಿಲ್ಲ. ಬಾಗಿಲೂ ಒಂದೇ. ಮಣಿಪಾಲದ ಕಾಲೇಜೊಂದರ ನೆಲಮಾಳಿಗೆಯಲ್ಲಿ, ಗುಜರಿಯಿಂದ ತಂದ ಹಳೆಯ ಕಾರಿನ ಮುಂಭಾಗವನ್ನಷ್ಟೇ ಕತ್ತರಿಸಿ ಕೂರಿಸಿ, ಅದರ ಎದುರಿಗೆ ಮೂರು ದೊಡ್ಡ ಪರದೆಗಳನ್ನು ನಿಲ್ಲಿಸಿದ್ದರು. ಸ್ಟೇರಿಂಗ್ ತಿರುಗಿಸಿದರೆ ಪರದೆಯ ಮೇಲಿನ ರಸ್ತೆ ತಿರುಗುತ್ತಿತ್ತು, ಎಕ್ಸಿಲೇಟರ್ ಒತ್ತಿದರೆ ತೆಂಗಿನ ಮರಗಳು ಹಿಂದಕ್ಕೆ ಓಡುತ್ತಿದ್ದವು. ಡ್ರೈವಿಂಗ್ ಸಿಮ್ಯುಲೇಟರ್ ಎಂದು ಬಾಗಿಲಿನ ಮೇಲೆ ದೊಡ್ಡದಾಗಿ ಬರೆದಿದ್ದರೂ ಕಾಲೇಜಿನವರೆಲ್ಲ ಅದನ್ನು ವಿಡಿಯೋ ಗೇಮ್ ಕೋಣೆ ಎಂದೇ ಕರೆಯುತ್ತಿದ್ದರು. ಹಾಗೆ ಕರೆದವರ ಮೇಲೆ ಸೌಮ್ಯಶ್ರೀಗೆ ವಿಪರೀತ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದರೆ ಅವಳ ಮೂಗಿನ ತುದಿ ಕೆಂಪಾಗುತ್ತಿತ್ತು, ಅದನ್ನು ನೋಡಲೆಂದೇ ಕೆಲವರು ಬೇಕಂತಲೇ ಮತ್ತೆ ಮತ್ತೆ ಕರೆಯುತ್ತಿದ್ದರು.

ಹೆದ್ದಾರಿಯಲ್ಲಿ ಕಾಮಗಾರಿ ನಡೆಯುವ ಕಡೆ ಚಾಲಕರು ಹೇಗೆ ವರ್ತಿಸುತ್ತಾರೆ ಎಂಬುದು ಅವಳ ಅಧ್ಯಯನದ ವಿಷಯ. ಯಾವ ಬೋರ್ಡು ನೋಡಿ ಬ್ರೇಕ್ ಒತ್ತುತ್ತಾರೆ, ಯಾವುದನ್ನು ಕಂಡೂ ಕಾಣದವರಂತೆ ಹೋಗುತ್ತಾರೆ, ಎರಡು ಲೇನು ಒಂದಾಗುವಾಗ ಯಾರು ಯಾರ ಮೇಲೆ ಏರಿ ಹೋಗುತ್ತಾರೆ ಎಂದು ನೋಡುವುದು. ನಿಜವಾದ ರಸ್ತೆಯಲ್ಲಿ ಇಂಥ ಪ್ರಯೋಗ ಮಾಡುವಂತಿಲ್ಲ, ತಪ್ಪಿದರೆ ಹೆಣ ಬೀಳುತ್ತದೆ. ಪರದೆಯ ಮೇಲಾದರೆ ಲೇನು ಮುಚ್ಚಲು ಇಟ್ಟ ಡ್ರಮ್ಮಿಗೆ ಎಷ್ಟು ಸಲ ಬೇಕಾದರೂ ಗುದ್ದಬಹುದು, ಎದ್ದು ನೀರು ಕುಡಿದು ಮತ್ತೆ ಬಂದು ಗುದ್ದಬಹುದು.

ಇದು ಬರೀ ಡಾಕ್ಟರೇಟಿನ ವಿಷಯವಾಗಿದ್ದರೆ ಅವಳು ನೆಮ್ಮದಿಯಿಂದ ಮಾಡುತ್ತಿದ್ದಳೋ ಏನೋ. ಆದರೆ ಅವಳ ಅಪ್ಪ ಬೂಬಣ್ಣ ಕಾಪುವಿನ ಹತ್ತಿರ ಮೇಲ್ಸೇತುವೆಯ ಕಾಮಗಾರಿಯಲ್ಲಿ ಕೆಂಪು ಬಾವುಟ ಹಿಡಿದು ನಿಲ್ಲುತ್ತಿದ್ದರು. ಮಲ್ಪೆಯ ಬೋಟುಗಳಲ್ಲಿ ದುಡಿದು ಮೊಣಕಾಲು ಸವೆದ ಮೇಲೆ ಮನೆಯಲ್ಲಿ ಕುಳಿತಿರಲಾಗದೆ ಹಿಡಿದ ಕೆಲಸ ಅದು. ಉಡುಪಿಯ ಕಡೆಯಿಂದ ಬರುವ ಎರಡು ಲೇನುಗಳು ಡ್ರಮ್ಮುಗಳ ಸಾಲಿನಿಂದ ಒಂದಾಗುವಲ್ಲಿ, ಡಿವೈಡರಿನ ಬದಿಗೆ, ಕಿತ್ತಳೆ ಬಣ್ಣದ ಜಾಕೀಟು ತೊಟ್ಟು ಅವರು ನಿಲ್ಲುವ ಜಾಗ, ಬರುವ ಗಾಡಿಗಳಿಂದ ಕಣ್ಣು ಕೀಳುವಂತಿರಲಿಲ್ಲ. ಮಳೆಗಾಲದಲ್ಲಿ ಒಂದು ಹಾಲಿನ ವ್ಯಾನು ಅವರ ಕೈಯಲ್ಲಿದ್ದ ಬಾವುಟವನ್ನೇ ಕಿತ್ತುಕೊಂಡು ಹೋಗಿತ್ತು. ಬೂಬಣ್ಣ ಅದನ್ನು ದೊಡ್ಡ ತಮಾಷೆಯಂತೆ ಮನೆಯಲ್ಲಿ ಹೇಳಿದರು. ಹೆಂಡತಿ ಸರಸ ನಗಲಿಲ್ಲ, ಸೌಮ್ಯಶ್ರೀಗೆ ಊಟ ಸೇರಲಿಲ್ಲ.

"ಬಿಟ್ಟುಬಿಡಿ ಅಪ್ಪ ಆ ಕೆಲಸ" ಎಂದು ಅವಳು ಅಂದೇ ಹೇಳಿದ್ದಳು.

"ನಾನು ಬಿಟ್ಟರೆ ಇನ್ನೊಬ್ಬ ನಿಲ್ಲುತ್ತಾನೆ. ಅವನಿಗೆ ಮಗಳು ಇಲ್ವಾ ಹಾಗಾದರೆ?" ಎಂದು ಬೂಬಣ್ಣ ಮೀನಿನ ಮುಳ್ಳು ಬಿಡಿಸುತ್ತಾ ಕೇಳಿದರು. ಮನುಷ್ಯನನ್ನು ಬದಲಾಯಿಸಿ ಪ್ರಯೋಜನವಿಲ್ಲ, ರಸ್ತೆಯ ವ್ಯವಸ್ಥೆಯೇ ಬದಲಾಗಬೇಕು ಎಂದು ಅವಳು ಹಟ ಹಿಡಿದದ್ದು ಅಂದಿನಿಂದ.

ಕಾಮಗಾರಿಯ ಮುಖ್ಯ ಎಂಜಿನಿಯರ್ ಯಶ್ವಂತ್ ಬಲ್ಲಾಳ್ ಕಾರ್ಕಳದವರು, ಮಾತು ಕಡಿಮೆ, ಮನುಷ್ಯ ಒಳ್ಳೆಯವರು. ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಅವರು ಒಂದೇ ಷರತ್ತು ಹಾಕಿದರು. ರಸ್ತೆಯಲ್ಲಿ ವಾಹನಗಳು ಹೇಗೆ ಓಡುತ್ತಿವೆಯೋ ಯಂತ್ರದಲ್ಲೂ ಹಾಗೆಯೇ ಓಡುತ್ತವೆ ಎಂದು ಮೊದಲು ತೋರಿಸಬೇಕು. ತೋರಿಸಿದರೆ ಯಂತ್ರ ಹೇಳಿದಂತೆ ಡ್ರಮ್ಮುಗಳ ಸಾಲು ಬದಲಾಯಿಸುವುದು, ಇಲ್ಲದಿದ್ದರೆ ನಿಯಮದ ಪುಸ್ತಕ ಹೇಳಿದಂತೆ ನಡೆಸುವುದು. ನ್ಯಾಯವಾದ ಮಾತು. ಸೌಮ್ಯಶ್ರೀ ಕುಣಿಯುತ್ತಲೇ ಒಪ್ಪಿಕೊಂಡಳು.

ಒಪ್ಪಿಕೊಳ್ಳುವುದು ಸುಲಭ. ಅವಳೂ ಲ್ಯಾಬಿನ ತಂತ್ರಜ್ಞ ಇಮ್ಯಾನುಯೆಲ್ಲನೂ ಸೇರಿ ಕಾಪುವಿನ ಆ ರಸ್ತೆಯನ್ನು ಯಂತ್ರದೊಳಗೆ ಇಳಿಸಿದರು. ಇಮ್ಯಾನುಯೆಲ್ ಕಲ್ಯಾಣಪುರದ ಹುಡುಗ, ಕೆಲಸಕ್ಕೆ ಕುಳಿತರೆ ಚಹಾ ಆರಿದ್ದೂ ಗೊತ್ತಾಗದ ಜಾತಿ. ಮೋರಿ, ಡ್ರಮ್ಮು, ಬ್ಯಾರಿಕೇಡು, ರಸ್ತೆಯ ಮೇಲಿನ ಬಿಳಿ ಗೆರೆ, ಡಿವೈಡರಿನಲ್ಲಿ ಒಣಗಿದ ಗಿಡ, ಒಂದನ್ನೂ ಅವನು ಬಿಡಲಿಲ್ಲ. ಬಾವುಟ ಹಿಡಿದ ಮನುಷ್ಯನನ್ನೂ ನಿಲ್ಲಿಸಿದ. ಆಮೇಲೆ ಚಾಲಕರನ್ನು ಕರೆಸಿದರು: ಟಿಪ್ಪರಿನವರು, ಟ್ಯಾಕ್ಸಿಯವರು, ಮೀನಿನ ಲಾರಿಯವರು, ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನ ಲಿಗೋರಿ.

ಬಂದವರೆಲ್ಲ ಇದನ್ನು ಲೈಸೆನ್ಸಿನ ಪರೀಕ್ಷೆ ಎಂದುಕೊಂಡಿದ್ದರು. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ, ಸೀಟಿನಲ್ಲಿ ನೆಟ್ಟಗೆ ಕೂತ ಬೆನ್ನು. ಆಯುಷ್ಯದಲ್ಲಿ ಇಂಡಿಕೇಟರ್ ಮುಟ್ಟದ ಲಿಗೋರಿ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಹಿಂದೆ ಬರುವ ಕಾಲ್ಪನಿಕ ಕಾರಿಗೆ ದಾರಿ ಬಿಟ್ಟುಕೊಟ್ಟ.

"ಲಿಗೋರಿಯಣ್ಣ, ನೀವು ದಿನಾ ಹೇಗೆ ಬಿಡುತ್ತೀರೋ ಹಾಗೆ ಬಿಡಿ" ಎಂದು ಸೌಮ್ಯಶ್ರೀ ಬೇಡಿಕೊಂಡಳು.

"ದಿನಾ ಬಿಡುವ ಹಾಗೆ ಬಿಟ್ಟರೆ ನೀವು ಬರೆದುಕೊಳ್ಳುತ್ತೀರಿ ಅಲ್ವಾ?" ಎಂದ ಲಿಗೋರಿ ಸಂಶಯದಿಂದ. ಇದರಿಂದ ಯಾರ ಲೈಸೆನ್ಸೂ ಹೋಗುವುದಿಲ್ಲ ಎಂದು ಮತ್ತೆ ಮತ್ತೆ ಆಣೆ ಹಾಕಿದ ಮೇಲೆ ಅವನ ಕಾಲು ನಿಜವಾದ ಕಾಲಾಯಿತು. ಆಗ ಓಡಿತು ನೋಡಿ ಬಸ್ಸು, ಇಮ್ಯಾನುಯೆಲ್ ಕುರ್ಚಿ ಹಿಡಿದುಕೊಂಡ.

ಇಷ್ಟೆಲ್ಲ ಮಾಡಿಯೂ ಯಂತ್ರದ ಲೆಕ್ಕ ರಸ್ತೆಯ ಲೆಕ್ಕಕ್ಕೆ ಹೊಂದಲಿಲ್ಲ. ರಸ್ತೆ ಬದಿಯ ಕಂಬಗಳಿಗೆ ಕ್ಯಾಮೆರಾ ಕಟ್ಟಿ ಅಳೆದಿದ್ದ ವೇಗದ ಗೆರೆ ಒಂದು ಕಡೆ ಬೋಗುಣಿಯಂತೆ ತಗ್ಗಿ, ಮತ್ತೆ ಸರ್ರನೆ ಏರಿ, ಬಾವುಟದವನ ಹತ್ತಿರ ಎಲ್ಲಕ್ಕಿಂತ ಎತ್ತರ ಮುಟ್ಟುತ್ತಿತ್ತು. ಯಂತ್ರದ ಗೆರೆಯಲ್ಲಿ ತಗ್ಗೂ ಇಲ್ಲ, ಏರೂ ಇಲ್ಲ. ಬೋರ್ಡು ನೋಡಿ ಎಲ್ಲರೂ ಮೆಲ್ಲಗೆ ನಿಧಾನವಾಗುತ್ತಿದ್ದರು, ಬಾವುಟದವನನ್ನು ಸುಖವಾಗಿ ದಾಟುತ್ತಿದ್ದರು. ಯಶ್ವಂತ್ ಬಲ್ಲಾಳರು ಬಂದು ಎರಡೂ ಗೆರೆಗಳನ್ನು ಬಹಳ ಹೊತ್ತು ನೋಡಿದರು.

"ನಿಮ್ಮ ಯಂತ್ರದಲ್ಲಿ ಗಾಡಿ ಬಿಡುವವರು ಯಾವ ಊರಿನವರು ಮೇಡಂ? ನಮ್ಮ ಊರಿನಲ್ಲಿ ಇಷ್ಟು ಒಳ್ಳೆಯವರು ಇಲ್ಲ" ಎಂದರು. ವ್ಯಂಗ್ಯವಿರಲಿಲ್ಲ ಆ ಮಾತಿನಲ್ಲಿ, ಅದಕ್ಕೇ ಹೆಚ್ಚು ನೋವಾಯಿತು. "ಮುಂದಿನ ವಾರ ಕಾಂಕ್ರೀಟಿನ ತಡೆಗಳನ್ನು ಇಡುತ್ತೇವೆ. ಒಮ್ಮೆ ಇಟ್ಟ ಮೇಲೆ ಕೆಲಸ ಮುಗಿಯುವವರೆಗೆ ಕದಲಿಸಲಿಕ್ಕೆ ಆಗುವುದಿಲ್ಲ. ಅಷ್ಟರೊಳಗೆ ಎಂತಾದರೂ ಸಿಕ್ಕಿದರೆ ಹೇಳಿ."

ಅವರು ಹೋದ ಮೇಲೆ ಸೌಮ್ಯಶ್ರೀ ಚಕ್ರವಿಲ್ಲದ ಕಾರಿನಲ್ಲಿ ಕುಳಿತು ಅತ್ತಳು. ಒಂದು ವಾರ. ಆಮೇಲೆ ಅಪ್ಪ ಅದೇ ಜಾಗದಲ್ಲಿ, ಎಲ್ಲರೂ ಎಲ್ಲಕ್ಕಿಂತ ಜೋರಾಗಿ ಬರುವ ಜಾಗದಲ್ಲಿ, ಕೆಲಸ ಮುಗಿಯುವವರೆಗೆ ನಿಲ್ಲುತ್ತಾರೆ. ಇಮ್ಯಾನುಯೆಲ್ ಬ್ರೇಕು, ಪೆಡಲು, ಪರದೆ ಎಲ್ಲವನ್ನೂ ಬಿಚ್ಚಿ ನೋಡಿ ಮತ್ತೆ ಜೋಡಿಸಿದ. ಯಂತ್ರದಲ್ಲಿ ದೋಷವಿರಲಿಲ್ಲ.

ಭಾನುವಾರ ಅವಳು ಸ್ಕೂಟರಿನಲ್ಲಿ ಕಾಪುವಿಗೆ ಹೊರಟಳು. ಬೂಬಣ್ಣನಿಗೆ ಭಾನುವಾರವೂ ಕೆಲಸವಿತ್ತು, ಸರಸ ಬುತ್ತಿ ಕಟ್ಟಿ ಕೊಟ್ಟಿದ್ದಳು. ತಲೆಯ ತುಂಬ ಆ ಎರಡು ಗೆರೆಗಳೇ. ಕಾಮಗಾರಿಯ ಮೊದಲ ಬೋರ್ಡು ದಾಟಿತು. ಎಡಗಡೆ ಬೊಬ್ಬರ್ಯನ ಗುಡಿ ಬಂತು. ಬೊಬ್ಬರ್ಯನೆಂದರೆ ಕಡಲಿಗೆ ಹೋಗುವವರನ್ನು ಕಾಯುವ ದೈವ. ಬೂಬಣ್ಣನ ಮನೆಯವರು ತಲೆತಲಾಂತರದಿಂದ ನಂಬಿದ್ದು ಆ ಪುಟ್ಟ ಹೆಂಚಿನ ಗುಡಿಯನ್ನೇ. ಸ್ಕೂಟರು ನಿಧಾನವಾಯಿತು, ಅವಳ ಬಲಗೈ ಎದೆ ಮುಟ್ಟಿ ಹಿಂದಕ್ಕೆ ಬಂತು. ಗುಡಿ ದಾಟಿತು. ಇನ್ನೇನು ಭಯ ಎನ್ನುವ ಹಾಗೆ ಕೈ ತಾನಾಗಿಯೇ ಎಕ್ಸಿಲೇಟರನ್ನು ಮೊದಲಿಗಿಂತ ಹೆಚ್ಚು ತಿರುಗಿಸಿತು.

ಎದುರಿಗೆ ಅಪ್ಪ!

ಎರಡೂ ಬ್ರೇಕು ಹಿಂಡಿದಳು. ಟಯರು ಕಿರುಚಿತು, ಬುತ್ತಿ ಹಾರಿ ರಸ್ತೆಗೆ ಬಿತ್ತು, ಸ್ಕೂಟರಿನ ಮುಂದಿನ ಚಕ್ರ ಬೂಬಣ್ಣನ ಗಂಬೂಟಿಗೆ ತಾಗುವಷ್ಟು ಹತ್ತಿರ ಬಂದು ನಿಂತಿತು.

"ಕಣ್ಣು ಎಲ್ಲಿ ಇಟ್ಟಿದ್ದೀ ಮಾರಾಯ್ತಿ? ಅಪ್ಪನನ್ನೇ ಕೊಲ್ಲುತ್ತೀಯಾ?" ಎಂದು ಬೂಬಣ್ಣ ಬೊಬ್ಬೆ ಹೊಡೆದರು.

ಸೌಮ್ಯಶ್ರೀ ಸ್ಕೂಟರನ್ನು ಬದಿಗೆ ತಳ್ಳಿ ನಿಲ್ಲಿಸಿದಳು. ಇಲ್ಲಿ ಅಪ್ಪ ನಿಂತಿರುತ್ತಾರೆ ಎಂದು ಲೋಕದಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ಅವಳಿಗೆ. ಗೊತ್ತಿದ್ದೂ ಹೀಗಾಯಿತು. ಅವಳು ತಿರುಗಿ ನೋಡಿದಳು. ಹಿಂದಿನಿಂದ ಒಂದು ಕಾರು ಬರುತ್ತಿತ್ತು. ಗುಡಿಯ ಮುಂದೆ ಮೆಲ್ಲಗಾಯಿತು, ಚಾಲಕನ ಕೈ ಎದೆಗೆ ಹೋಯಿತು, ಗುಡಿ ದಾಟಿದ್ದೇ ಕಾರು ಮುನ್ನುಗ್ಗಿತು. ಅದರ ಹಿಂದೆ ಒಂದು ಟೆಂಪೊ, ಅದೇ ಆಟ. ಬೋಗುಣಿಯ ತಗ್ಗು, ಸರ್ರನೆ ಏರು. ತಿಂಗಳುಗಟ್ಟಲೆ ತಲೆ ತಿಂದ ಆ ಗೆರೆ ಕಣ್ಣೆದುರಿಗೇ ಓಡುತ್ತಿತ್ತು.

"ಅಪ್ಪ, ಗುಡಿ! ನಾನು ಗುಡಿಯನ್ನೇ ಹಾಕಲಿಲ್ಲ!" ಎಂದು ಅವಳು ಕೂಗಿದಳು.

ಒಣಗಿದ ಗಿಡ ಸಹಿತ ಎಲ್ಲವನ್ನೂ ಯಂತ್ರಕ್ಕೆ ಇಳಿಸಿದವಳು ತನ್ನ ಮನೆಯ ದೈವದ ಗುಡಿಯನ್ನೇ ಬಿಟ್ಟಿದ್ದಳು. ಬೇರೆ ಊರಿನವರಾಗಿದ್ದರೆ ಮೊದಲ ದಿನವೇ ಅದರ ಫೋಟೋ ತೆಗೆಯುತ್ತಿದ್ದರು. ಅವಳಿಗೆ ಅದು ಅಮ್ಮನ ಸೊಂಟದ ಮೇಲೆ ಕೂತು ಹೋಗುತ್ತಿದ್ದಾಗಿನಿಂದ ಕೈಗೆ ಅಭ್ಯಾಸವಾದದ್ದು, ಕಣ್ಣಿಗೆ ಬೀಳುವ ವಸ್ತುವಾಗಿ ಉಳಿದೇ ಇರಲಿಲ್ಲ. ತನ್ನ ಮೇಲೆ ನಗು ಬಂತು, ಸಿಟ್ಟೂ ಬಂತು, ಎರಡನ್ನೂ ಮೀರಿ ಸಂತೋಷ ಉಕ್ಕಿ ಬಂತು.

ಆದರೆ ಮೊಬೈಲು ತೆಗೆದು ಗುಡಿಯತ್ತ ಹಿಡಿದದ್ದೇ ಬೂಬಣ್ಣ ಅಡ್ಡ ಬಂದರು. "ಕೇಳದೆ ತೆಗೆಯಬಾರದು" ಎಂದು ಗದರಿದರು. ರಸ್ತೆ ಬದಿಯ ಚಂದುವಿನ ಗೂಡಂಗಡಿಯಿಂದ ಎಳನೀರಿನ ಬೊಂಡ ತರಿಸಿ ಗುಡಿಯ ಮುಂದೆ ಇಟ್ಟು, ಕೈ ಜೋಡಿಸಿ, ತುಳುವಿನಲ್ಲಿ ದೈವಕ್ಕೆ ವಿಷಯ ತಿಳಿಸಿದರು: ಮಣಿಪಾಲದಲ್ಲಿ ಒಂದು ಕಾರು ಉಂಟು, ಅದು ಇದ್ದಲ್ಲಿಂದ ಅಲ್ಲಾಡುವುದಿಲ್ಲ, ಆದರೂ ಓಡುತ್ತದೆ, ಅದರ ಪರದೆಯಲ್ಲಿ ನಿನಗೊಂದು ಗುಡಿ ಕಟ್ಟುತ್ತಾರಂತೆ, ಹುಡುಗಿ ನಮ್ಮವಳೇ, ಒಪ್ಪಿಕೊಳ್ಳಬೇಕು. ಸಿಮ್ಯುಲೇಟರ್ ಎಂದರೇನೆಂದು ಅಷ್ಟು ಚೆನ್ನಾಗಿ ವಿವರಿಸಿದವರನ್ನು ಸೌಮ್ಯಶ್ರೀ ಅದುವರೆಗೆ ಕಂಡಿರಲಿಲ್ಲ. ಆಮೇಲೆ ಅವರು "ಈಗ ತೆಗಿ ಮಗಾ" ಎಂದರು.

ಇಮ್ಯಾನುಯೆಲ್ ಎರಡೇ ದಿನದಲ್ಲಿ ಗುಡಿ ಕಟ್ಟಿ ಮುಗಿಸಿದ. ಕೆಂಪು ಹೆಂಚು, ಕಬ್ಬಿಣದ ಕಾಣಿಕೆ ಡಬ್ಬಿ, ಬಾಗಿಲಿಗೆ ತೂಗುಹಾಕಿದ ಹೂವಿನ ಮಾಲೆ. ಚಾಲಕರನ್ನು ಮತ್ತೆ ಕರೆಸಿದರು, ಗುಡಿಯ ವಿಷಯ ಯಾರಿಗೂ ಬಾಯಿ ಬಿಡಲಿಲ್ಲ. ಮೊದಲು ಕುಳಿತ ಮೀನಿನ ಲಾರಿಯವನು ಪರದೆಯ ಗುಡಿ ಕಂಡದ್ದೇ ಎಕ್ಸಿಲೇಟರಿನಿಂದ ಕಾಲು ತೆಗೆದು ಕೈ ಎದೆಗೆ ಒಯ್ದ. ದಾಟಿದ್ದೇ ಒತ್ತಿದ. ಇಮ್ಯಾನುಯೆಲ್ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನಗು ತಡೆದ. ಎರಡನೆಯವನೂ ಹಾಗೆಯೇ, ಮೂರನೆಯವನೂ ಹಾಗೆಯೇ.

ಲಿಗೋರಿಯೂ ನಿಧಾನ ಮಾಡಿದ. ಇಳಿದ ಮೇಲೆ ಸೌಮ್ಯಶ್ರೀ ಕೇಳಿಯೇ ಬಿಟ್ಟಳು: "ನೀವು ಇಗರ್ಜಿಯಲ್ಲಿ ಪ್ರಾರ್ಥನೆ ಮಾಡುವವರು, ನೀವು ಯಾಕೆ ಮೆಲ್ಲ ಮಾಡಿದಿರಿ?"

"ನಾನು ಕೈ ಮುಗಿಯುವುದಿಲ್ಲ ಮೇಡಂ. ಆದರೆ ಮುಂದೆ ಹೋಗುವ ಗಾಡಿಯವ ಮುಗಿಯುತ್ತಾನಲ್ಲ? ನಾನು ಮೆಲ್ಲ ಮಾಡದಿದ್ದರೆ ಅವನ ಡಿಕ್ಕಿಯೊಳಗೆ ಹೋಗಿ ಕೂರಬೇಕಾಗುತ್ತದೆ" ಎಂದ ಲಿಗೋರಿ. "ಮತ್ತೆ ಅಲ್ಲಿ ಹೋದ ಟೈಮನ್ನು ಮುಂದೆ ಹಿಡಿಯಬೇಡವೇ? ಅದಕ್ಕೆ ಒತ್ತುವುದು."

ಸಂಜೆ ಎರಡೂ ಗೆರೆಗಳನ್ನು ಒಂದರ ಮೇಲೊಂದು ಇಟ್ಟರು. ಯಂತ್ರದ ಗೆರೆ ರಸ್ತೆಯ ಗೆರೆಯ ಮೇಲೆಯೇ ಮಲಗಿತು. ಇಮ್ಯಾನುಯೆಲ್ ಎದ್ದು ನಿಂತು ಚಪ್ಪಾಳೆ ಹೊಡೆದ. ಸೌಮ್ಯಶ್ರೀ ಚಪ್ಪಾಳೆ ಹೊಡೆಯಲಿಲ್ಲ, ಆಗಲೇ ಹೊಸ ಸಾಲನ್ನು ಬಿಡಿಸುತ್ತಿದ್ದಳು. ವಾಹನ ತಾನಾಗಿಯೇ ನಿಧಾನವಾಗುವ ಜಾಗ ಇರುವಾಗ ಅದನ್ನು ಬಿಟ್ಟು, ಎಲ್ಲರೂ ಕಾಲು ಒತ್ತುವ ಜಾಗದಲ್ಲಿ ಲೇನು ಮುಚ್ಚುವುದೇಕೆ? ಡ್ರಮ್ಮುಗಳ ಸಾಲು ಗುಡಿಗಿಂತ ಹಿಂದೆಯೇ ಶುರುವಾಗಲಿ. ಗುಡಿಯ ಮುಂದೆ ಬರುವಷ್ಟರಲ್ಲಿ ಎಲ್ಲರೂ ಒಂದೇ ಲೇನಿನಲ್ಲಿರಲಿ. ಗುಡಿ ದಾಟಿದ ಕೂಡಲೇ ಎರಡೂ ಬದಿಗೆ ಕಾಂಕ್ರೀಟಿನ ತಡೆ ಬಂದು ದಾರಿ ಇಕ್ಕಟ್ಟಾಗಲಿ, ಒತ್ತಬೇಕೆಂದರೂ ಕಾಲಿಗೆ ಧೈರ್ಯ ಬಾರದ ಹಾಗೆ. ಬಾವುಟದವನು ಆ ತಡೆಯ ಹಿಂದೆ ನಿಲ್ಲಲಿ.

ವಾರ ಮುಗಿಯುವ ಮೊದಲು ಯಶ್ವಂತ್ ಬಲ್ಲಾಳರು ಮತ್ತೆ ಬಂದರು. ಅವತ್ತು ಬೂಬಣ್ಣನೂ ಬಂದಿದ್ದರು, ಮಗಳ ಕಾರು ನೋಡಬೇಕೆಂಬ ನೆಪ. ಅರ್ಧ ದಿನದ ರಜೆಯಾದ್ದರಿಂದ ಕಿತ್ತಳೆ ಜಾಕೀಟು ಮೈಮೇಲೆಯೇ ಇತ್ತು. ಬಲ್ಲಾಳರು ಗೆರೆಗಳನ್ನು ನೋಡಿದರು, ಹುಬ್ಬು ಗಂಟಿಕ್ಕಿದರು.

"ಪರದೆಯ ಮೇಲಿನ ಗುಡಿಗೆ ಯಾರು ಕೈ ಮುಗಿಯುತ್ತಾರೆ ಮೇಡಂ? ಇದನ್ನು ನಾನು ಮೇಲಿನವರಿಗೆ ಎಂತ ಹೇಳಿ ಒಪ್ಪಿಸುವುದು?"

"ನೀವೇ ಒಮ್ಮೆ ಕುಳಿತು ನೋಡಿ ಸರ್. ಮೊದಲು ಈಗ ಇರುವ ಸಾಲು."

"ನನಗೆ ಅಂಥ ಅಭ್ಯಾಸ ಇಲ್ಲ" ಎಂದು ಅವರು ಕುಳಿತರು. ದಿನವೂ ಕಾರ್ಕಳದಿಂದ ಉಡುಪಿಗೆ ಬಂದು ಕಾಪುವಿಗೆ ಇಳಿಯುವ ಮನುಷ್ಯ, ಕಾರು ಸಲೀಸಾಗಿ ಓಡಿತು. ಬೋರ್ಡು ದಾಟಿತು. ಗುಡಿ ಕಂಡಿತು. ಬಲ್ಲಾಳರ ಕಾಲು ಸಡಿಲವಾಯಿತು, ಬಲಗೈ ಸ್ಟೇರಿಂಗ್ ಬಿಟ್ಟು ಎದೆ ಮುಟ್ಟಿತು, ಕಾಲು ಒತ್ತಿತು. ಎದುರಿನ ಚುಕ್ಕೆ ಮನುಷ್ಯನಾಯಿತು, ಮನುಷ್ಯನ ಆಕಾರ ದೊಡ್ಡದಾಯಿತು, ಬ್ರೇಕು ಒತ್ತುವಷ್ಟರಲ್ಲಿ ದಬ್ ಎಂದು ಸದ್ದಾಗಿ ಮೂರೂ ಪರದೆಗಳು ನಿಂತಲ್ಲೇ ನಿಂತವು.

ಬಲ್ಲಾಳರು ಸ್ಟೇರಿಂಗ್ ಬಿಡದೆ ಕೂತಿದ್ದರು. ಆಮೇಲೆ ಇದ್ದ ಒಂದೇ ಬಾಗಿಲು ತೆರೆದು ಇಳಿದರು. ಎದುರಿಗೆ ಅದೇ ಜಾಕೀಟು ತೊಟ್ಟ ಬೂಬಣ್ಣ ನಿಂತಿದ್ದರು.

"ಅದು ನಾನಲ್ಲ, ನನಗೆ ಅಷ್ಟು ಹೊಟ್ಟೆ ಇಲ್ಲ" ಎಂದರು ಬೂಬಣ್ಣ, ವಾತಾವರಣ ಹಗುರಾಗಲಿ ಎಂದು. ಬಲ್ಲಾಳರ ಮುಖದಲ್ಲಿ ರಕ್ತ ಇರಲಿಲ್ಲ.

"ನಾನು ದಿನಾ ನಿಮ್ಮ ಪಕ್ಕದಲ್ಲೇ ಹಾಗೆ ಹೋಗುತ್ತಿದ್ದೇನೆ ಬೂಬಣ್ಣ. ನನಗೆ ಗೊತ್ತೇ ಇರಲಿಲ್ಲ" ಎಂದು ಅವರು ಮೆಲ್ಲಗೆ ಹೇಳಿದರು. ಸೌಮ್ಯಶ್ರೀಯ ಕಡೆ ತಿರುಗಿ, "ಹೊಸ ಸಾಲು ಹಾಕಿ" ಎಂದರು.

ಹೊಸ ಸಾಲಿನಲ್ಲಿ ಕಾರು ಗುಡಿಯ ಮುಂದೆ ಒಂದೇ ಲೇನಿನಲ್ಲಿ ನಿಧಾನವಾಗಿ ಬಂತು, ಕೈ ಎದೆಗೆ ಹೋಯಿತು, ಕಾಲು ಒತ್ತಲು ಹೋಗಿ ತಡೆಗಳನ್ನು ಕಂಡು ಹಿಂಜರಿಯಿತು, ಬಾವುಟದವನನ್ನು ದಾಟಿತು. ಬಲ್ಲಾಳರು ಮತ್ತೊಮ್ಮೆ ಬಿಟ್ಟರು. ಆಮೇಲೆ ಹಟಕ್ಕೆ ಬಿದ್ದವರಂತೆ ಬೇಕೆಂದೇ ಜೋರಾಗಿ ಬಿಟ್ಟು ಕಾಂಕ್ರೀಟಿಗೆ ಉಜ್ಜಿದರು. ತಡೆಯ ಹಿಂದಿನ ಮನುಷ್ಯ ನಿಂತೇ ಇದ್ದ. ಅಷ್ಟಾದ ಮೇಲೆ ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡು ಎದ್ದರು.

"ಸಾಕು. ತಡೆಗಳನ್ನು ನಿಮ್ಮ ಸಾಲಿನ ಪ್ರಕಾರವೇ ಇಡುತ್ತೇವೆ."

"ಕಾರಣ ಎಂತ ಬರೆಯುತ್ತೀರಿ ಸರ್?"

"ಗುಡಿ ಎಂದೇ ಬರೆಯುತ್ತೇನೆ. ಕೇಳಿದವರನ್ನು ಇಲ್ಲಿಗೆ ಕರೆದುಕೊಂಡು ಬಂದು ಕೂರಿಸುತ್ತೇನೆ" ಎಂದರು ಬಲ್ಲಾಳರು. ಇಮ್ಯಾನುಯೆಲ್ ಹಿಂದೆ ನಿಂತು ಮುಷ್ಟಿ ಮೇಲೆತ್ತಿದ. ಆ ಕೋಣೆಯನ್ನು ವಿಡಿಯೋ ಗೇಮ್ ಕೋಣೆ ಎನ್ನುವ ಧೈರ್ಯ ಆಮೇಲೆ ಯಾರಿಗೂ ಬರಲಿಲ್ಲ, ಬಂದರೂ ಸೌಮ್ಯಶ್ರೀಗೆ ಕೇಳಿಸುವಂತೆ ಹೇಳಲಿಲ್ಲ.

ತಡೆಗಳನ್ನು ಇಟ್ಟು ಹೊಸ ಸಾಲು ತೆರೆದ ಬೆಳಿಗ್ಗೆ ಅವಳು ಕಾಪುವಿನಲ್ಲಿದ್ದಳು. ಪರದೆಯ ಮೇಲೆ ಗೆದ್ದದ್ದು ರಸ್ತೆಯ ಮೇಲೆ ಗೆಲ್ಲಬೇಕಲ್ಲ. ಮೊದಲ ಕಾರು ಬಂತು, ಡ್ರಮ್ಮುಗಳ ಪಕ್ಕಕ್ಕೆ ಒಂದೇ ಸಾಲಾಗಿ ಸರಿಯಿತು, ಗುಡಿಯ ಮುಂದೆ ಮೆಲ್ಲಗಾಯಿತು, ಮೆಲ್ಲಗೆಯೇ ಮುಂದೆ ಹೋಯಿತು. ಹಿಂದಿನಿಂದ ಟಿಪ್ಪರು, ರಿಕ್ಷಾ, ಮೀನಿನ ಲಾರಿ, ಒಂದರ ಹಿಂದೆ ಒಂದು. ಲಿಗೋರಿಯ ಬಸ್ಸೂ ಬಂತು, ಸಾಲು ಬಿಟ್ಟು ನುಗ್ಗಲು ಜಾಗ ಹುಡುಕಿ ಸಿಗದೆ ಹಾರ್ನ್ ಬಾರಿಸುತ್ತಾ ಎಲ್ಲರೊಂದಿಗೆ ನಡೆಯಿತು. ಅವಳ ಕೈಯಲ್ಲಿದ್ದ ವೇಗ ಅಳೆಯುವ ಯಂತ್ರದ ಅಂಕಿಗಳು ಏರಲೇ ಇಲ್ಲ. ಒಂದು ಗಂಟೆ ಕಳೆಯಿತು, ಎರಡು ಕಳೆಯಿತು, ಏರಲಿಲ್ಲ. ಗೆದ್ದೆವು ಎಂದು ಅವಳು ಇಮ್ಯಾನುಯೆಲ್ಲನಿಗೆ ಫೋನಿನಲ್ಲಿ ಕೂಗಿದ ಸದ್ದಿಗೆ ಚಂದುವಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು.

"ಎಂತ ಬೊಬ್ಬೆ ಅದು, ಲಾಟರಿ ಹೊಡೆಯಿತಾ?" ಎಂದು ಬೂಬಣ್ಣ ತಡೆಯ ಹಿಂದಿನಿಂದ ಕೇಳಿದರು. ಬಾವುಟವನ್ನು ತಡೆಗೆ ಒರಗಿಸಿ, ಅವಳು ತಂದ ಚಹಾ ತೆಗೆದುಕೊಂಡು, ಕಾಂಕ್ರೀಟಿಗೆ ಬೆನ್ನು ಕೊಟ್ಟು ಅವಳ ಕಡೆ ತಿರುಗಿ ನಿಂತರು. ಆಮೇಲೆ ಅವರ ಮಾತು ನಿಲ್ಲಲೇ ಇಲ್ಲ: ನಿನ್ನೆ ಸಿಕ್ಕಿದ ಬಂಗುಡೆ ಮೀನು, ಅಮ್ಮನ ಮುನಿಸು, ಇಮ್ಯಾನುಯೆಲ್ಲನಿಗೆ ಮದುವೆ ಯಾವಾಗ. ಸೌಮ್ಯಶ್ರೀಗೆ ಒಂದೂ ಕಿವಿಗೆ ಬೀಳಲಿಲ್ಲ. ಅಪ್ಪನ ಹಿಂದೆ ಟಿಪ್ಪರುಗಳು ಹೋಗುತ್ತಿದ್ದವು, ಬಸ್ಸುಗಳು ಹೋಗುತ್ತಿದ್ದವು, ಅಪ್ಪ ಒಮ್ಮೆಯೂ ತಿರುಗಿ ನೋಡಲಿಲ್ಲ.